ದುಡ್ಡಿಲ್ಲ ಅಂತ ಕಾಲೇಜು ಬಿಡಬೇಕೇ?



ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆ ನಮಗೆಲ್ಲ ಗೊತ್ತು. ನಮ್ಮೂರಿನಲ್ಲಿ ಕಾಲೇಜಿನ ವಿಷಯವೂ ಬಹಳ ಮನೆಗಳಲ್ಲಿ ಹೀಗೇ ಆಗುತ್ತದೆ. 10ನೇ ತರಗತಿ ಫಲಿತಾಂಶ ಬಂದ ದಿನ ಸಕ್ಕರೆ ಹಂಚುತ್ತೇವೆ. ಮಾರನೇ ದಿನದಿಂದ ಮನೆಯಲ್ಲಿ ದುಡ್ಡಿನ ಮಾತು ಶುರು. ಒಂದು ವಾರ ಅಲ್ಲಿ ಇಲ್ಲಿ ಓಡಾಟ. ಕೊನೆಗೆ “ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ” ಎನ್ನುತ್ತಾರೆ. ಆ ಮುಂದಿನ ವರ್ಷ ಬರುವುದೇ ಇಲ್ಲ. ಹುಡುಗರು ಬೆಂಗಳೂರಿಗೆ ಲೋಡಿಂಗ್ ಕೆಲಸಕ್ಕೆ, ಹುಡುಗಿಯರು ಗಾರ್ಮೆಂಟ್ಸಿಗೆ, ಇಲ್ಲವೇ ಗಂಡನ ಮನೆಗೆ.

ಈ ವರ್ಷ ನಾವು 10ನೇ ತರಗತಿಯವರು ಆ ಜಾಗಕ್ಕೆ ಬಂದು ನಿಂತಿದ್ದೇವೆ. ನಮ್ಮ ಮನೆಯ ಸ್ಥಿತಿ ಮುಚ್ಚಿಡುವಂಥದ್ದೇನೂ ಅಲ್ಲ. ಎರಡು ಬೋರ್ ಕೊರೆಸಿ ಎರಡರಲ್ಲೂ ನೀರು ಬರಲಿಲ್ಲ. ಕಡಲೆಕಾಯಿ ಬಿತ್ತಿದ ಖರ್ಚೂ ಹುಟ್ಟಲಿಲ್ಲ. ಸೊಸೈಟಿಯ ಸಾಲ ಇದೆ, ಕೈಸಾಲ ಇದೆ. “ಓದಿಸಬಾರದು ಅಂತ ಅಲ್ಲ ಕಣಮ್ಮ, ಎಲ್ಲಿಂದ ತರಲಿ?” ಅಂತ ಅಪ್ಪ ಕೇಳುತ್ತಾರೆ. ಈ ಪ್ರಶ್ನೆಗೆ ಅಳು ಉತ್ತರ ಅಲ್ಲ, ಲೆಕ್ಕ ಉತ್ತರ ಅಂತ ನನಗೆ ಅನ್ನಿಸಿತು. ಅದಕ್ಕೇ ದಸರಾ ರಜೆಯಲ್ಲಿ ನಮ್ಮ ಮೇಷ್ಟ್ರುಗಳನ್ನು, ನಾಡಕಚೇರಿಯವರನ್ನು, ಶಿರಾದ ಒಂದು ಹಾಸ್ಟೆಲಿನ ವಾರ್ಡನ್ ಅವರನ್ನು, ಈಗಾಗಲೇ ಪಿಯುಸಿ ಓದುತ್ತಿರುವ ಅಕ್ಕಂದಿರನ್ನು ಕೇಳಿ ಕೇಳಿ ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ. ಅದೇ ಈ ಲೇಖನ. ಸ್ವಲ್ಪ ಉದ್ದವಾಗಿದೆ, ಎರಡು ದಿನ ನಿಂತು ಓದಿದರೂ ಪರವಾಗಿಲ್ಲ.

ಎಲ್ಲ ಕೇಳಿದ ಮೇಲೆ ನನಗೆ ತಿಳಿದದ್ದು ಒಂದೇ ಮಾತು. ಸರ್ಕಾರಿ ಕಾಲೇಜಿನ ಫೀಸಿನಿಂದ ಓದು ನಿಲ್ಲುವುದು ಕಡಿಮೆ. ಜೂನ್, ಜುಲೈ, ಆಗಸ್ಟ್ ಎಂಬ ಮೂರು ತಿಂಗಳಿನಿಂದ ನಿಲ್ಲುವುದೇ ಹೆಚ್ಚು. ಆ ಮೂರು ತಿಂಗಳಲ್ಲಿ ಖರ್ಚೆಲ್ಲ ಮುಂಚೆ ಬರುತ್ತದೆ, ಸಹಾಯದ ದುಡ್ಡೆಲ್ಲ ಆಮೇಲೆ ಬರುತ್ತದೆ. ಈ ಸಂದನ್ನು ದಾಟಲು ಈಗಿನಿಂದಲೇ ಹಲಗೆ ಹಾಕಿಕೊಳ್ಳಬೇಕು.

1. ಮೊದಲು ಕಾಗದದ ಮೇಲೆ ಲೆಕ್ಕ

ದುಡ್ಡಿನ ಭಯ ಬಾಯಿಮಾತಿನಲ್ಲಿ ಇದ್ದಷ್ಟು ಹೊತ್ತು ಬೆಳೆಯುತ್ತಲೇ ಹೋಗುತ್ತದೆ. ನಮ್ಮ ಮನೆಯಲ್ಲಿ “ಕಾಲೇಜು ಅಂದ್ರೆ ಲಕ್ಷ ಬೇಕಂತೆ” ಎಂಬ ಮಾತಿತ್ತು. ಈ ಲಕ್ಷ ಎಲ್ಲಿಂದ ಬಂತು ಅಂತ ನೋಡಿದರೆ, ಯಾವುದೋ ಖಾಸಗಿ ಕಾಲೇಜಿನವರು ಸಂತೆಯಲ್ಲಿ ಹಂಚಿದ ಬಣ್ಣದ ಕಾಗದದಿಂದ! ಅದು ಅವರ ಲೆಕ್ಕ, ನಮ್ಮದಲ್ಲ. ನಾನು ಒಂದು ಹಾಳೆ ತೆಗೆದುಕೊಂಡು ನಮ್ಮ ಲೆಕ್ಕ ಬರೆದೆ. ಶಿರಾದ ಸರ್ಕಾರಿ ಪಿಯು ಕಾಲೇಜು, ವಿಜ್ಞಾನ ವಿಭಾಗ, ದಿನಾ ಬಸ್ಸಿನಲ್ಲಿ ಹೋಗಿ ಬರುವುದು ಅಂತ ಇಟ್ಟುಕೊಂಡು ವಿಚಾರಿಸಿ ಹಾಕಿದ ಅಂದಾಜು ಇದು:

ಸೇರುವಾಗಿನ ಶುಲ್ಕ ಇತ್ಯಾದಿ – 1,500 ರೂ.
ಪುಸ್ತಕ, ನೋಟ್ಸು (ಅರ್ಧ ಹಳೆಯವು) – 2,500 ರೂ.
ಲ್ಯಾಬ್ ರೆಕಾರ್ಡ್, ಡ್ರಾಯಿಂಗ್ ಸಾಮಾನು – 600 ರೂ.
ಸಮವಸ್ತ್ರ, ಚಪ್ಪಲಿ, ಬ್ಯಾಗು – 2,000 ರೂ.
ಅರ್ಜಿ, ಜೆರಾಕ್ಸ್, ಫೋಟೊ, ಓಡಾಟ – 700 ರೂ.
ಕಾಯಿಲೆ ಕಸಾಲೆ, ಕೈಖರ್ಚು – 1,700 ರೂ.
ಒಟ್ಟು – 9,000 ರೂ.

ಬಸ್ಸಿನ ಲೆಕ್ಕ ನನಗೆ ಸೊನ್ನೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ಖಾಸಗಿ ಬಸ್ಸಿನಲ್ಲಿ ಅದು ನಡೆಯುವುದಿಲ್ಲ. ಆದ್ದರಿಂದ ಸರ್ಕಾರಿ ಬಸ್ಸಿನ ಸಮಯ ಮೊದಲೇ ತಿಳಿದುಕೊಳ್ಳಿ. ಹುಡುಗರು ವಿದ್ಯಾರ್ಥಿ ಪಾಸಿನ ದುಡ್ಡು ಸೇರಿಸಿಕೊಳ್ಳಬೇಕು. ಮಧ್ಯಾಹ್ನದ ಊಟದ ಲೆಕ್ಕವನ್ನೂ ಮರೆಯಬೇಡಿ. ನಮ್ಮ ಶಾಲೆಯ ಬಿಸಿಯೂಟ 10ನೇ ತರಗತಿಗೇ ಮುಗಿಯಿತು. ಬುತ್ತಿ ಕಟ್ಟಿಕೊಂಡು ಹೋದರೆ ಉಳಿತಾಯ, ಹೋಟೆಲಿಗೆ ಹೋದರೆ ಈ ಲೆಕ್ಕವೆಲ್ಲ ಮಗುಚಿಕೊಳ್ಳುತ್ತದೆ.

ಹಾಳೆಯನ್ನು ಅಪ್ಪನಿಗೆ ತೋರಿಸಿದೆ. ಲಕ್ಷ ಹೋಗಿ 9,000 ಆಯಿತು. 9,000ವೂ ನಮಗೆ ಸಣ್ಣ ದುಡ್ಡಲ್ಲ. ಆದರೆ ಲಕ್ಷ ಅಂದಾಗ ಅಪ್ಪ ಮಾತು ನಿಲ್ಲಿಸುತ್ತಿದ್ದರು, 9,000 ಅಂದಾಗ ಕೂತು ಮಾತಾಡಿದರು. ಲೆಕ್ಕದ ಪ್ರಯೋಜನ ಇದು.

ಇನ್ನೊಂದು ಸಂಗತಿ ನೋಡಿ. ಈ 9,000ದಲ್ಲಿ ಕೊನೆಯ ಸಾಲಿನ 1,700 ಬಿಟ್ಟರೆ ಉಳಿದ 7,300 ರೂಪಾಯಿ ಮೊದಲ ಮೂರು ತಿಂಗಳಲ್ಲೇ ಬೇಕು. ಅದೇ ಮೂರು ತಿಂಗಳಲ್ಲಿ ಬಿತ್ತನೆ ಬೀಜ, ಗೊಬ್ಬರದ ಖರ್ಚೂ ಇರುತ್ತದೆ. ರೈತರ ಮನೆಯಲ್ಲಿ ಕೈ ಖಾಲಿಯಾಗುವ ಕಾಲವೂ, ಕಾಲೇಜು ಶುರುವಾಗುವ ಕಾಲವೂ ಒಂದೇ. ನಾನು ಹೇಳಿದ ಸಂದು ಅಂದರೆ ಇದು.

ನಮ್ಮ ಅಮ್ಮ ಇದಕ್ಕೆ ಒಂದು ಉಪಾಯ ಮಾಡಿದ್ದಾಳೆ. ಗೃಹಲಕ್ಷ್ಮಿ ದುಡ್ಡನ್ನು ಕೂಡಿಟ್ಟು ಒಂದು ಕುರಿಮರಿ ತಂದಿದ್ದಾಳೆ. ಮೇ ತಿಂಗಳಲ್ಲಿ ಅದನ್ನು ಶಿರಾ ಸಂತೆಗೆ ಹೊಡೆಯುವುದು, ಆ ದುಡ್ಡನ್ನು ಬೇರೆ ಯಾವುದಕ್ಕೂ ಮುಟ್ಟಬಾರದು ಅಂತ ಮನೆಯಲ್ಲಿ ಮಾತಾಗಿದೆ. ಬೆಳಗ್ಗೆ ಸಂಜೆ ಸೊಪ್ಪು ತರುವ ಕೆಲಸ ನನ್ನದು. ನಿಮ್ಮ ಮನೆಯಲ್ಲಿ ಅದು ಕೋಳಿ ಇರಬಹುದು, ಹಾಲಿನ ಡೇರಿಯ ಬಟವಾಡೆ ಇರಬಹುದು, ಸ್ತ್ರೀಶಕ್ತಿ ಸಂಘದ ಉಳಿತಾಯ ಇರಬಹುದು. ಏನಾದರೂ ಒಂದಕ್ಕೆ ‘ಇದು ಜೂನ್‌ದು’ ಅಂತ ಹೆಸರಿಟ್ಟು ಬಿಡಿ.

2. ಯಾರೂ ಬಾಯಿಬಿಟ್ಟು ಹೇಳದ ಲೆಕ್ಕ

ಫೀಸಿಗಿಂತ ದೊಡ್ಡ ಖರ್ಚು ಒಂದಿದೆ. ಅದು ನಾವು ದುಡಿಯದೇ ಇರುವುದು. ನಮ್ಮ ಅಕ್ಕ ಗಾರ್ಮೆಂಟ್ಸಿಗೆ ಹೋಗಿ ತಿಂಗಳಿಗೆ ಹತ್ತು ಹನ್ನೊಂದು ಸಾವಿರ ತರುತ್ತಾಳೆ. ನಾನು ಕಾಲೇಜಿಗೆ ಹೋದರೆ ಅಷ್ಟು ದುಡ್ಡು ಮನೆಗೆ ಬರುವುದಿಲ್ಲ. ಅಪ್ಪ ಅಮ್ಮ ಇದನ್ನು ನಮ್ಮ ಮುಂದೆ ಹೇಳುವುದಿಲ್ಲ, ಆದರೆ ಮನಸ್ಸಿನಲ್ಲಿ ಈ ಲೆಕ್ಕ ಓಡುತ್ತಲೇ ಇರುತ್ತದೆ. ಅದನ್ನು ನಾವೇ ತೆಗೆದು ಮಾತಾಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಮಾತಾಡುವಾಗ ಬರೀ “ನಾನು ಓದಬೇಕು” ಅಂದರೆ ಸಾಲದು. ಎಷ್ಟು ವರ್ಷ, ಆಮೇಲೆ ಏನು ಕೆಲಸ, ರಜೆಯಲ್ಲಿ ನಾನು ಏನು ಮಾಡಿ ಕೊಡ್ತೀನಿ ಅಂತ ಹೇಳಬೇಕು. ಬೇಸಿಗೆ ರಜೆಯಲ್ಲಿ ಹುಣಸೆ ಹಣ್ಣು ಬಡಿಯುವುದು, ಕಡಲೆಕಾಯಿ ಬಿಡಿಸುವುದು, ಸಣ್ಣ ಮಕ್ಕಳಿಗೆ ಮನೆಪಾಠ ಹೇಳುವುದು, ಇವೆಲ್ಲ ಓದಿಗೆ ಅಡ್ಡ ಬಾರದ ದುಡಿಮೆ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿಯೇ ಖರ್ಚು ತೂಗಿಸಿದರು. ಆಮೇಲೆ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. ಆದ್ದರಿಂದ ವಿದ್ಯಾರ್ಥಿವೇತನ ಕೇಳುವುದಕ್ಕೆ ನಾಚಿಕೆ ಪಡಬೇಕಾಗಿಲ್ಲ. ಅದು ಭಿಕ್ಷೆಯಲ್ಲ.

ಹುಡುಗಿಯರಿಗೆ ಇನ್ನೊಂದು ಮಾತು. ಓದು ನಿಂತ ಮನೆಯಲ್ಲಿ ಮದುವೆಯ ಮಾತು ಬೇಗ ಹುಟ್ಟುತ್ತದೆ. 18 ತುಂಬದೆ ಮದುವೆ ಮಾಡುವುದು ಕಾನೂನಿಗೆ ವಿರುದ್ಧ. ಅಂಥ ಒತ್ತಾಯ ಬಂದರೆ ನಮ್ಮ ಟೀಚರಿಗೆ ಹೇಳಿ. 1098ಕ್ಕೆ ಫೋನ್ ಮಾಡಿದರೆ ಮಕ್ಕಳ ಸಹಾಯವಾಣಿ ಸಿಗುತ್ತದೆ, ಅದಕ್ಕೆ ದುಡ್ಡಿಲ್ಲ.

3. ಯಾವ ದಾರಿಗೆ ಎಷ್ಟು ದಿನ?

10ನೇ ತರಗತಿ ಆದ ಮೇಲೆ ಪಿಯುಸಿ ಒಂದೇ ದಾರಿ ಅಂತ ತಿಳಿಯಬಾರದು. ಮನೆಗೆ ಎಷ್ಟು ಬೇಗ ಸಂಬಳ ಬೇಕು ಎಂಬುದನ್ನು ನೋಡಿ ದಾರಿ ಆರಿಸಬೇಕು.

ಐ.ಟಿ.ಐ.: ಒಂದು ಅಥವಾ ಎರಡು ವರ್ಷ. ಫಿಟ್ಟರ್, ಎಲೆಕ್ಟ್ರಿಷಿಯನ್ ಇಂಥವು. ಮುಗಿದ ಮೇಲೆ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರಿದರೆ ಕಲಿಯುತ್ತಲೇ ಭತ್ಯೆ ಸಿಗುತ್ತದೆ.

ಡಿಪ್ಲೊಮಾ: ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ. 10ನೇ ತರಗತಿಯ ಅಂಕದ ಮೇಲೆ ಸೀಟು. ಮುಗಿಸಿ ಕೆಲಸಕ್ಕೂ ಹೋಗಬಹುದು, ಇಲ್ಲವೇ ಡಿ.ಸಿ.ಇ.ಟಿ. ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು.

ಪಿಯುಸಿ: ಎರಡು ವರ್ಷ. ಆದರೆ ಪಿಯುಸಿ ಒಂದರಿಂದಲೇ ಕೆಲಸ ಕಷ್ಟ, ಅದರ ಹಿಂದೆ ಪದವಿ ಇದೆ. ಒಟ್ಟು ಐದಾರು ವರ್ಷದ ಲೆಕ್ಕ ಹಾಕಬೇಕು. ಸರ್ಕಾರಿ ಕಾಲೇಜು ಎಂಬುದನ್ನು ಮಾತ್ರ ಬಿಡಬೇಡಿ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಕೆಲಸಕ್ಕೆ ಹೋಗಲೇಬೇಕಾಗಿ ಬಂದವರಿಗೂ ಬಾಗಿಲು ಮುಚ್ಚಿಲ್ಲ. ಪಿಯುಸಿ ಆದ ಮೇಲೆ ದುಡಿಯುತ್ತಲೇ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಪದವಿ ಓದಬಹುದು. ಅದು 1996ರಲ್ಲಿ ಶುರುವಾದದ್ದು.

4. ವಿದ್ಯಾರ್ಥಿವೇತನ: ಸಿಗುತ್ತದೆ, ಆದರೆ ತಡವಾಗಿ

ಹಾಸ್ಟೆಲ್ ವಾರ್ಡನ್ ಒಂದು ಮಾತು ಹೇಳಿದರು: “ಸ್ಕಾಲರ್‌ಶಿಪ್ಪನ್ನು ಮುಂದಿನ ವರ್ಷದ ದುಡ್ಡು ಅಂತ ತಿಳ್ಕೊಳ್ಳಿ, ಈ ವರ್ಷದ್ದು ಅಂತ ತಿಳ್ಕೋಬೇಡಿ.” ಅರ್ಜಿ ಹಾಕಿ, ಕಾಲೇಜಿನವರು ಪರಿಶೀಲಿಸಿ, ಇಲಾಖೆ ಒಪ್ಪಿ, ಖಾತೆಗೆ ಬೀಳುವ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ. ಅದನ್ನು ನಂಬಿ ಜೂನ್‌ನಲ್ಲಿ ಸಾಲ ಮಾಡಬಾರದು. ಬಂದ ದುಡ್ಡನ್ನು ಮಾತ್ರ ಹಾಗೇ ಮುಂದಿನ ಜೂನ್‌ಗೆ ಎತ್ತಿಡಬೇಕು. ಹೀಗೆ ಮಾಡಿದರೆ ಮೊದಲ ವರ್ಷದ ಸಂದು ಒಂದನ್ನು ದಾಟಿದರೆ ಸಾಕು, ಎರಡನೇ ವರ್ಷ ತಾನಾಗಿ ನಡೆಯುತ್ತದೆ.

ನಾನು ತಿಳಿದುಕೊಂಡವು ಇವು:

ಅ) 8ನೇ ತರಗತಿಯ ತಮ್ಮ ತಂಗಿಯರಿಗೆ: ಎನ್.ಎಂ.ಎಂ.ಎಸ್. ಪರೀಕ್ಷೆ ಬರೆಯಿರಿ. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವರ್ಷದ ಆದಾಯ 3.5 ಲಕ್ಷದ ಒಳಗಿರಬೇಕು. ಇದು ಸರ್ಕಾರಿ, ಅನುದಾನಿತ ಶಾಲೆಯವರಿಗೆ ಮಾತ್ರ. 10ನೇ ತರಗತಿಯಲ್ಲಿ ಶೇ. 60 ಬರಬೇಕು (ಪರಿಶಿಷ್ಟರಿಗೆ ಶೇ. 5 ರಿಯಾಯಿತಿ). ಪಿಯುಸಿಗೆ ಅನುದಾನವಿಲ್ಲದ ಖಾಸಗಿ ಕಾಲೇಜು ಸೇರಿದರೆ ಇದು ನಿಂತು ಹೋಗುತ್ತದೆ. ಪ್ರತಿ ವರ್ಷ ನವೀಕರಣ ಮಾಡಿಸಬೇಕು.

ಆ) ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಹೀಗೆ ಬೇರೆ ಬೇರೆ ಇಲಾಖೆಗಳಿಂದ. ಅರ್ಜಿ ಹಾಕುವುದು ಎಸ್.ಎಸ್.ಪಿ. ಎಂಬ ರಾಜ್ಯದ ತಂತ್ರಾಂಶದಲ್ಲಿ. ಆದಾಯದ ಮಿತಿ ವರ್ಗಕ್ಕೆ ತಕ್ಕಂತೆ ಬೇರೆ. ಆ ವರ್ಷದ ಪ್ರಕಟಣೆಯನ್ನೇ ನೋಡಬೇಕು, ಹಿಂದಿನ ವರ್ಷದವರ ಬಾಯಿಮಾತು ನಂಬಬಾರದು.

ಇ) ಕಟ್ಟಡ ಕಾರ್ಮಿಕರ ಮಕ್ಕಳಿಗೆ: ಅಪ್ಪ ಅಥವಾ ಅಮ್ಮನ ಹೆಸರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿದ್ದರೆ ಮಂಡಳಿಯಿಂದ ಶೈಕ್ಷಣಿಕ ಸಹಾಯಧನಕ್ಕೆ ಅರ್ಜಿ ಹಾಕಬಹುದು. ನಮ್ಮೂರಿನಲ್ಲಿ ಗಾರೆ ಕೆಲಸದವರು ಬಹಳ ಜನ ಇದ್ದಾರೆ. ಕಾರ್ಡು ಇದೆಯೇ, ನವೀಕರಣ ಆಗಿದೆಯೇ ಅಂತ ಇವತ್ತೇ ಮನೆಯಲ್ಲಿ ಕೇಳಿ.

ಈ) ಪಿಯುಸಿ ಆದ ಮೇಲೆ ಹುಡುಗಿಯರಿಗೆ: ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ. 2025–26ರಲ್ಲಿ ಇದು ನಮ್ಮ ರಾಜ್ಯದಲ್ಲೂ ಇತ್ತು. ಪದವಿ ಅಥವಾ ಡಿಪ್ಲೊಮಾ ಮುಗಿಯುವವರೆಗೆ ವರ್ಷಕ್ಕೆ 30,000 ರೂಪಾಯಿ. ಆದರೆ 10ನೇ ತರಗತಿಯನ್ನೂ 12ನೇ ತರಗತಿಯನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲೇ ಪಾಸು ಮಾಡಿರಬೇಕು. ಸರ್ಕಾರಿ ಕಾಲೇಜು ಬಿಡಬೇಡಿ ಅಂತ ಮೇಲೆ ಹೇಳಿದ್ದು ಇದಕ್ಕೇ. ಅಲ್ಲಿ ಶುಲ್ಕ ಕಡಿಮೆ ಎಂಬುದಷ್ಟೇ ಅಲ್ಲ, ಮುಂದೆ ತೆರೆಯುವ ಕೆಲವು ಬಾಗಿಲುಗಳ ಕೀಲಿಯೂ ಅಲ್ಲೇ ಇದೆ.

5. ಕಾಗದ ಪತ್ರ: ಇದೇ ನಿಜವಾದ ಪರೀಕ್ಷೆ

ನಮ್ಮ ಬೀದಿಯ ಒಬ್ಬ ಅಕ್ಕನಿಗೆ ಒಂದು ವರ್ಷದ ವಿದ್ಯಾರ್ಥಿವೇತನವೇ ತಪ್ಪಿತು. ಅಂಕ ಕಡಿಮೆ ಅಂತ ಅಲ್ಲ. ಆಧಾರ್‌ಗೆ ಕೊಟ್ಟಿದ್ದ ಮೊಬೈಲ್ ಸಿಮ್ಮನ್ನು ಅವರಪ್ಪ ಎಂದೋ ಬಿಸಾಕಿದ್ದರು. ಅರ್ಜಿ ಹಾಕಲು ಹೋದಾಗ ಬರಬೇಕಾದ ಅಂಕಿ ಬರಲಿಲ್ಲ. ನಂಬರ್ ಬದಲಾಯಿಸಿಕೊಂಡು ಬರುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿತ್ತು. ಒಂದು ಸಿಮ್ಮಿನಿಂದ ಒಂದು ವರ್ಷದ ದುಡ್ಡು ಹೋಯಿತು. ಆದ್ದರಿಂದ ಈ ಕೆಳಗಿನವನ್ನು ಒಂದೊಂದಾಗಿ ನೋಡಿಕೊಳ್ಳಿ.

ಹೆಸರು: ಶಾಲೆಯ ದಾಖಲೆ, ಆಧಾರ್, ಬ್ಯಾಂಕ್ ಪುಸ್ತಕ ಮೂರರಲ್ಲೂ ಹೆಸರು ಒಂದೇ ಇರಬೇಕು. ಇಂಗ್ಲಿಷಿನ ಒಂದು ಅಕ್ಷರ, ಒಂದು ಇನಿಷಿಯಲ್ ಹೆಚ್ಚು ಕಡಿಮೆ ಆದರೂ ತೊಂದರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾಗುವ ಮುಂಚೆ ನಮ್ಮ ಶಾಲೆಯಲ್ಲೇ ತಿದ್ದಿಸುವುದು ಸುಲಭ. ಅಚ್ಚಾದ ಮೇಲೆ ಮಂಡಳಿವರೆಗೆ ಹೋಗಬೇಕು.

ಜಾತಿ ಮತ್ತು ಆದಾಯ ಪ್ರಮಾಣಪತ್ರ: ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲೆ ಆರ್.ಡಿ. ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಎಸ್.ಎಸ್.ಪಿ. ಅರ್ಜಿಗೆ ಆ ಸಂಖ್ಯೆಯೇ ಬೇಕು. ಅವಧಿ ಮುಗಿದಿದ್ದರೆ ಹೊಸದು ಮಾಡಿಸಿ. ಮೇ, ಜೂನ್‌ನಲ್ಲಿ ಅಲ್ಲಿ ಸಾಲು ಬಾಗಿಲಾಚೆ ಇರುತ್ತದಂತೆ. ಈಗ ಹೋದರೆ ಕೂರಿಸಿ ಮಾತಾಡಿಸುತ್ತಾರೆ.

ಬ್ಯಾಂಕ್ ಖಾತೆ: ನಮ್ಮದೇ ಹೆಸರಿನಲ್ಲಿ ಇರಬೇಕು, ಆಧಾರ್ ಜೋಡಣೆ ಆಗಿರಬೇಕು. ಎರಡು ಖಾತೆ ಇರುವವರು ಆಧಾರ್ ಯಾವುದಕ್ಕೆ ಜೋಡಣೆ ಆಗಿದೆ ಅಂತ ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ದುಡ್ಡು ಹೋಗುವುದು ಅದಕ್ಕೇ. ವ್ಯವಹಾರ ಇಲ್ಲದೆ ನಿಂತಿರುವ ಖಾತೆಯನ್ನು ಎಬ್ಬಿಸಿಡಿ.

ಮೊಬೈಲ್: ಆಧಾರ್‌ಗೆ ಕೊಟ್ಟ ನಂಬರ್ ಈಗಲೂ ನಡೆಯುತ್ತಿದೆಯೇ? ಯಾರ ಹತ್ತಿರ ಇದೆ?

ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರ: ಇದು ಬಹಳ ಜನಕ್ಕೆ ಗೊತ್ತಿಲ್ಲ. ಪಿಯುಸಿ ವಿಜ್ಞಾನ ಓದಿ ಸಿ.ಇ.ಟಿ. ಬರೆಯುವಾಗ, 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ನಮ್ಮಂಥ ಶಾಲೆಯ ಹೆಂಚಿನ ಕೆಳಗೆ ಕೂತು ಓದಿದ್ದಕ್ಕೆ ಇರುವ ಲೆಕ್ಕ ಇದು! ಮುಖ್ಯೋಪಾಧ್ಯಾಯರ ಸಹಿ, ಬಿ.ಇ.ಒ. ಅವರ ಮೇಲುಸಹಿ ಬೇಕು. ಅಪ್ಪ ಅಮ್ಮ ಕೂಲಿಗೆ ಊರೂರು ಹೋದಾಗ ಎರಡು ಮೂರು ಶಾಲೆ ಬದಲಾಯಿಸಿದವರು ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ತರಬೇಕಾಗುತ್ತದೆ. ಅಂಥವರು ಈ ವರ್ಷವೇ ಶುರು ಮಾಡಿ.

ಎಲ್ಲದರ ನಾಲ್ಕು ನಾಲ್ಕು ಜೆರಾಕ್ಸ್ ತೆಗೆದು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟ್ರಂಕಿನಲ್ಲಿಡಿ. ಕಟ್ಟಿದ ಶುಲ್ಕದ ರಸೀದಿಯೂ ಅದರಲ್ಲೇ ಇರಲಿ.

6. ಇರಲು ಜಾಗ, ಉಣ್ಣಲು ಅನ್ನ

ಹಿಂದಿನ ಕಾಲದಲ್ಲಿ ‘ವಾರಾನ್ನ’ ಅಂತ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಯಲ್ಲಿ ಉಂಡು ಓದಿದವರು ಎಷ್ಟೋ ಜನ. ಹಾಗೆಯೇ ಉಚಿತ ವಿದ್ಯಾರ್ಥಿನಿಲಯಗಳು. ನಮ್ಮ ಜಿಲ್ಲೆಯ ಸಿದ್ಧಗಂಗಾ ಮಠವನ್ನೇ ನೋಡಿ. ಶ್ರೀ ಶಿವಕುಮಾರ ಸ್ವಾಮೀಜಿಯವರು (1907–2019) ಜಾತಿ ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಕೊಟ್ಟರು. ಅದು ಇಂದಿಗೂ ನಡೆದಿದೆ.

ಡಾ. ಎಚ್. ನರಸಿಂಹಯ್ಯನವರ ವಿಷಯವನ್ನು ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿದರು. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿದವರು. ಹೈಸ್ಕೂಲು ಓದಲು ಊರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದರು. ವಿದ್ಯಾರ್ಥಿನಿಲಯದಲ್ಲಿ ಇದ್ದು ಓದಿ, ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ದೊಡ್ಡವರಾದ ಮೇಲೂ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬದುಕಿದರು. ಅವರ ಆತ್ಮಕಥೆಯ ಹೆಸರು ‘ಹೋರಾಟದ ಹಾದಿ’.

ಈಗ ನಮಗೆ ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತರ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲುಗಳಿವೆ. ಊಟ, ವಸತಿ ಉಚಿತ. ಆದರೆ ಸೀಟು ಎಣಿಸಿದಷ್ಟೇ. ಕಾಲೇಜಿಗೆ ಸೇರಿದ ತಕ್ಷಣ ಅರ್ಜಿ ಹಾಕಬೇಕು. ಆಯ್ಕೆ ಪಟ್ಟಿ ಬರುವವರೆಗೆ ಕೆಲವು ವಾರ ಬೇಕಾಗುತ್ತದೆ. ಈ ಕೆಲವು ವಾರ ಎಲ್ಲಿ ಇರುತ್ತೀರಿ? ಬಹಳ ಜನ ವಾಪಸ್ ಬರುವುದು ಇಲ್ಲೇ. ನೆಂಟರ ಮನೆಯೋ, ನಾಲ್ಕು ಜನ ಸೇರಿ ಒಂದು ಕೋಣೆಯೋ, ಅಷ್ಟು ದಿನ ಬಸ್ಸಿನ ಓಡಾಟವೋ, ಮೊದಲೇ ತೀರ್ಮಾನ ಮಾಡಿಡಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ‘ವಿದ್ಯಾಸಿರಿ’ ಇದೆ. 2013–14ರಲ್ಲಿ ಅದು ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳ ಸಹಾಯವಾಗಿ ಶುರುವಾಯಿತು. ಸ್ವಂತ ಊರಿನಲ್ಲೇ ಇದ್ದು ಓದುವವರಿಗೆ ಇದು ಸಿಗುವುದಿಲ್ಲ.

7. ಸಾಲ ಮಾಡಬಹುದೇ?

ದೊಡ್ಡಪ್ಪನ ಮಗ ಒಬ್ಬ ಇದ್ದಾನೆ. ಕೈಸಾಲ ತಂದು ಒಂದು ಖಾಸಗಿ ಕಾಲೇಜಿಗೆ ಮೊದಲ ಕಂತು ಕಟ್ಟಿದರು. ಎರಡನೇ ಕಂತಿಗೆ ದುಡ್ಡು ಹುಟ್ಟಲಿಲ್ಲ. ಕಾಲೇಜು ಬಿಟ್ಟ. ಮೂಲ ಅಂಕಪಟ್ಟಿ ಕೇಳಲು ಹೋದರೆ ಬಾಕಿ ಕಟ್ಟಿ ಅಂದರು. ಈಗ ಗೋದಾಮಿನಲ್ಲಿ ಮೂಟೆ ಹೊರುತ್ತಾನೆ, ಆ ಸಾಲದ ಬಡ್ಡಿ ಇನ್ನೂ ನಡೆಯುತ್ತಿದೆ. ಅವನು ನಮ್ಮೆಲ್ಲರಿಗಿಂತ ಲೆಕ್ಕದಲ್ಲಿ ಜಾಣ. ಅವನನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಬಡ್ಡಿಯ ಲೆಕ್ಕ ಬಿಡಿಸಿ ನೋಡೋಣ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಅಂದರೆ ಕೇಳಲು ಸಣ್ಣದು. 50,000 ರೂಪಾಯಿಗೆ ತಿಂಗಳಿಗೆ 1,500, ವರ್ಷಕ್ಕೆ 18,000, ಮೂರು ವರ್ಷಕ್ಕೆ 54,000. ಅಸಲಿಗಿಂತ ಬಡ್ಡಿ ಹೆಚ್ಚು, ಅಸಲು ಹಾಗೇ ಉಳಿದಿರುತ್ತದೆ. ಓದಿಗಾಗಿ ಇಂಥ ಸಾಲ ಬೇಡವೇ ಬೇಡ.

ಬ್ಯಾಂಕಿನ ಶಿಕ್ಷಣ ಸಾಲ ಬೇರೆ. ಅದು ಪಿಯುಸಿ ಮುಗಿಸಿ ಪದವಿ, ಎಂಜಿನಿಯರಿಂಗ್, ನರ್ಸಿಂಗ್ ಇಂಥವಕ್ಕೆ ಸೇರುವಾಗಿನ ಮಾತು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಹೊಲ ಮನೆ ಅಡವಿಡಬೇಕಾಗಿಲ್ಲ. ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಬೆಳೆಯುತ್ತಿರುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಒಳ್ಳೆಯ ಕಾಲೇಜುಗಳಿಗೆ ಸೇರಿದವರಿಗೆ ಜಾಮೀನಿಲ್ಲದ ಸಾಲ ಉಂಟು. ಇನ್ನು ಎಂಜಿನಿಯರಿಂಗ್ ಸೇರುವವರು ಸಿ.ಇ.ಟಿ.ಯಲ್ಲಿ ಎಸ್.ಎನ್.ಕ್ಯು. ಸೀಟು ಅಂತ ಕೇಳಿಕೊಳ್ಳಿ. ಮನೆಯ ಆದಾಯ 8 ಲಕ್ಷದೊಳಗಿನವರಿಗೆ ಇರುವ ಶೇ. 5ರಷ್ಟು ಹೆಚ್ಚುವರಿ ಸೀಟುಗಳು ಇವು, ಬೋಧನಾ ಶುಲ್ಕ ಇರುವುದಿಲ್ಲ. ಸಾಲಕ್ಕಿಂತ ಮೊದಲು ಹುಡುಕಬೇಕಾದ್ದು ಇಂಥ ಸೀಟನ್ನು.

ಮೂಲ ದಾಖಲೆಗಳ ಬಗ್ಗೆ ಒಂದು ಮಾತು. ಪ್ರವೇಶಕ್ಕೆ ತೋರಿಸಿ, ಪರಿಶೀಲನೆ ಆದ ಮೇಲೆ ವಾಪಸ್ ಕೇಳಿ. ಪದವಿ ಕಾಲೇಜುಗಳು ಅವನ್ನು ಇಟ್ಟುಕೊಳ್ಳಬಾರದು ಅಂತ ಯು.ಜಿ.ಸಿ. 2018ರಲ್ಲೇ ಹೇಳಿದೆ.

8. ತಿಂಗಳ ಪಟ್ಟಿ (ಬರೆದುಕೊಳ್ಳಿ)

ನವೆಂಬರ್: ಮನೆಯಲ್ಲಿ ಲೆಕ್ಕದ ಹಾಳೆ. ಹೆಸರು, ಆಧಾರ್, ಮೊಬೈಲ್ ನೋಡುವುದು.
ಡಿಸೆಂಬರ್: ಜಾತಿ, ಆದಾಯ ಪ್ರಮಾಣಪತ್ರ. ಬ್ಯಾಂಕ್ ಖಾತೆ.
ಜನವರಿ: ‘ಜೂನ್ ದುಡ್ಡು’ ಯಾವುದು ಅಂತ ಗೊತ್ತು ಮಾಡುವುದು.
ಫೆಬ್ರವರಿಯಿಂದ ಪರೀಕ್ಷೆ ಮುಗಿಯುವವರೆಗೆ: ಓದು ಮಾತ್ರ. ದುಡ್ಡಿನ ಮಾತು ಬೇಡ. ಒಳ್ಳೆಯ ಅಂಕವೇ ಬಡವರ ದೊಡ್ಡ ಆಸ್ತಿ.
ಏಪ್ರಿಲ್, ಮೇ: ರಜೆಯ ದುಡಿಮೆ. ಹಳೆಯ ಪುಸ್ತಕ ಕೇಳಿಡುವುದು. ಎರಡು ಕಾಲೇಜು ನೋಡಿ ಬರುವುದು.
ಜೂನ್: ಸೇರಿದ ವಾರವೇ ಹಾಸ್ಟೆಲ್ ಅರ್ಜಿ. ವಿದ್ಯಾರ್ಥಿವೇತನದ ಅರ್ಜಿ ಬಿಟ್ಟ ಕೂಡಲೇ ಅದು.
ಆಗಸ್ಟ್: ಅರ್ಜಿ ಎಲ್ಲಿಗೆ ಬಂತು ಅಂತ ಕಾಲೇಜಿನಲ್ಲಿ ಕೇಳುವುದು.

ನಮ್ಮ ಮನೆಯಲ್ಲಿ ಇನ್ನೂ ಪೂರ್ತಿ ಒಪ್ಪಿಗೆ ಆಗಿಲ್ಲ. “ಮೇ ತಿಂಗಳಿಗೆ ನೋಡೋಣ” ಅಂತ ಅಪ್ಪ ಅಂದಿದ್ದಾರೆ. “ಆಗಲ್ಲ” ಅಂದಿಲ್ಲ, ಅದೇ ನನಗೆ ಧೈರ್ಯ. ಲೆಕ್ಕ ಹಾಕಿದವರಿಗೆಲ್ಲ ಕಾಲೇಜು ಸಿಕ್ಕೇ ಸಿಗುತ್ತದೆ ಅಂತ ನಾನು ಹೇಳಲಾರೆ. ಮಳೆ ಕೈ ಕೊಡಬಹುದು, ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬರಬಹುದು. ಆದರೆ ಒಂದು ಸಹಿ ಇಲ್ಲದೆ, ಒಂದು ಸಿಮ್ ಇಲ್ಲದೆ, ಒಂದು ದಿನಾಂಕ ಗೊತ್ತಿಲ್ಲದೆ ನಮ್ಮ ತರಗತಿಯ ಒಬ್ಬರೂ ಮನೆಯಲ್ಲಿ ಉಳಿಯಬಾರದು.

ಗುರುಗಳಲ್ಲಿ ಒಂದು ವಿನಂತಿ. ಶನಿವಾರ ಕೊನೆಯ ಪಿರಿಯಡ್ಡಿನಲ್ಲಿ ಎಲ್ಲರ ಕಾಗದ ಪತ್ರ ಒಮ್ಮೆ ನೋಡಿಕೊಟ್ಟರೆ ಬಹಳ ಉಪಕಾರ. ಸ್ನೇಹಿತರೇ, ಅರ್ಜಿ ತುಂಬಲು ಗೊತ್ತಾಗದಿದ್ದರೆ ಪಂಚಾಯಿತಿ ಲೈಬ್ರರಿಯಲ್ಲಿ ಭಾನುವಾರ ಬೆಳಗ್ಗೆ ನಾನು ಇರುತ್ತೇನೆ. ನನ್ನ ನೋಟ್ ಬುಕ್ ತರುತ್ತೇನೆ, ನೀವು ಪೆನ್ನು ತನ್ನಿ.


10ನೇ ತರಗತಿಯ ವಿದ್ಯಾರ್ಥಿನಿ